ನಲವತ್ತನೆಯ ಹೆಜ್ಜೆ

ಸಿನಿಮಾ ತೋರಿಸುತ್ತಾಳೆಂದು ಪರದೆ ಎಳೆದು ಕೂತಿದ್ದೆವು.
ಗುರುವಾರ, ಗಣಿತದ ಪೀರಿಯಡ್ಡು ತಪ್ಪಿದ ಖುಷಿ.
ಅವಳು ಬಂದದ್ದು ಬರಿಗೈಯಲ್ಲಿ.
"ಕೋಟು ಹಾಕಿಕೊಳ್ಳಿ" ಅಂದಳು ಗ್ವೆನ್ ಹಾಗ್ಬೆನ್,
ಇಪ್ಪತ್ತಾರು ವರ್ಷ ಕೆಂಟ್ ಕರಾವಳಿಯಲ್ಲಿ ರೈಲು ಓಡಿಸಿದವಳು,
ಈಗಲೂ ಎಡಗೈ
ಇಲ್ಲದ ಹಿಡಿಯೊಂದನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತಿತ್ತು.

ಶಾಲೆಯ ಗೇಟಿನ ಬುಡದಲ್ಲಿ ಸೀಮೆಸುಣ್ಣದ ಒಂದು ಗೆರೆ.
"ಇಲ್ಲಿ ನಾನು ಬ್ರೇಕ್ ಹಾಕಿದೆ.
ಇನ್ನು ನಡೆಯೋಣ. ರೈಲು ನಿಲ್ಲುವಲ್ಲಿ ನಾನೂ ನಿಲ್ಲುತ್ತೇನೆ.
ಹೆಜ್ಜೆ ಎಣಿಸಿ."

ಎಣಿಕೆಯನ್ನು ಹಾಡು ಮಾಡಿಕೊಂಡು ಹೊರಟೆವು.
ನಲವತ್ತಕ್ಕೆ ಬಸ್‌ಸ್ಟಾಪು.
"ಇಲ್ಲೇ ನಿಂತಿರುತ್ತೆ" ಅಂದ ರೋರಿ,
ಅವನಪ್ಪನ ವ್ಯಾನು ಇದರರ್ಧಕ್ಕೇ ನಿಲ್ಲುತ್ತದಂತೆ.
ಗ್ವೆನ್ ಒಂದು ಗಳಿಗೆ ತಡವರಿಸಿದಳು,
ನಿಲ್ಲಲಿಲ್ಲ.
ನೂರಾ ಹತ್ತಕ್ಕೆ ಲಾಂಡ್ರಿ, ಗಾಜಿನಾಚೆ
ಯಾರದೋ ದುಪ್ಪಟಿ ಗಿರಗಿರ ಸುತ್ತುತ್ತಿತ್ತು.
ಇನ್ನೂರಕ್ಕೆ ಮೀನು ಕರಿಯುವ ಅಂಗಡಿ, ವಿನೆಗರ್ ವಾಸನೆ;
ಕ್ವಾಮೆಯ ಅತ್ತೆ ಒಳಗಿಂದ ಕೈಬೀಸಿದಳು,
ಲೆಕ್ಕ ತಪ್ಪಿತು, ಟೀಗನ್ ಸರಿಪಡಿಸಿದಳು.

"ಹಾರ್ನ್ ಹೊಡೀಬಹುದಲ್ಲ?"
"ಹೊಡೆದೆ."
"ಪಕ್ಕಕ್ಕೆ ತಿರುಗಿಸಬಹುದಲ್ಲ?"
"ಮಗು, ನನ್ನ ಮುಂದೆ ಸ್ಟಿಯರಿಂಗೇ ಇಲ್ಲ.
ಹಳಿ ಹೋದತ್ತ ನಾನು.
ಹಳಿಯ ಮೇಲೆ ಯಾರಿದ್ದರೂ
ನೋಡುತ್ತ ಹೋಗಬೇಕು."

ಮುನ್ನೂರು. ಮುನ್ನೂರ ಐವತ್ತು.
ಹಾಡು ಎಲ್ಲೋ ಜೇಬಿನಿಂದ ಉದುರಿಹೋಗಿತ್ತು.
ನಡೆಯುತ್ತಲೇ ಅವಳು ಮೂರನೆಯ ಹಳಿಯ ಸಂಗತಿ ತೆಗೆದಳು:
ನಮ್ಮ ಕಡೆ ಕರೆಂಟು ತಲೆಯ ಮೇಲಲ್ಲ, ಕಾಲ ಬಳಿ.
ಬುಸುಗುಡುವುದಿಲ್ಲ, ಮಿನುಗುವುದಿಲ್ಲ,
ಭಾನುವಾರದ ರಜೆಯಿಲ್ಲ ಅದಕ್ಕೆ.
ಒಡಹುಟ್ಟಿದವರ ಮಗ್ಗುಲಲ್ಲಿ
ಅವರದೇ ತುಕ್ಕು ಬಳಿದುಕೊಂಡು ಮಲಗಿರುತ್ತದೆ.

ನಾನು ಎಣಿಸುವುದನ್ನು ಬಿಟ್ಟಿದ್ದೆ.
ತರಕಾರಿ ಮಡಿಗಳ ಹಿಂದೆ ತಂತಿಬೇಲಿ ಸೀಳಿದ ಜಾಗವೊಂದಿದೆ,
ದರ್ಜಿ ಅಳತೆ ತೆಗೆದಂತೆ ನನ್ನ ಹೆಗಲಿಗೆ ಸರಿಯಾಗಿ.
ಮಂಗಳವಾರ ಚೆಂಡು ತರಲು ನುಸುಳಿದ್ದೆ.
ಯಾವುದು ಮೊದಲನೆಯದು, ಯಾವುದು ಮೂರನೆಯದು
ಯಾರು ಎಣಿಸುತ್ತಾರೆ,
ಆಟ ಮೂರು-ಮೂರರಲ್ಲಿ ಸಮವಾಗಿರುವಾಗ?

ಐನೂರಕ್ಕೆ ಚರ್ಚು. ಆರುನೂರಕ್ಕೆ
ಯಾವುದೋ ಹಡಗಿನವನ ನೆನಪಿನ ಬೆಂಚು.
ಎಂಟುನೂರಕ್ಕೆ ಸಮುದ್ರ ಕಂಡಿತು, ಬೂದು ಬಣ್ಣದ್ದು,
ಕೆಲಸವಿಲ್ಲದೆ ಕೂತಂಥದ್ದು.
ಹಿಂತಿರುಗಿ ನೋಡಿದರೆ ಶಾಲೆಯೇ ಇಲ್ಲ.
ಒಂಬೈನೂರ ನಲವತ್ತೊಂದು.
ಚಳಿಗಾಲಕ್ಕೆ ಶಟರ್ ಎಳೆದ ಐಸ್‌ಕ್ರೀಮ್ ಗೂಡಂಗಡಿಯ ಮುಂದೆ
ಗ್ವೆನ್ ನಿಂತಳು.
"ಇಲ್ಲಿ."

ಗಾಳಿ ಮಾತ್ರ ಮಾತಾಡುತ್ತಿತ್ತು.
"ನಿಮಗೆ... ಯಾವತ್ತಾದರೂ..." ಅಂದಳು ಟೀಗನ್, ಮುಂದೆ ಹೇಳದೆ.
"ಬಸ್‌ಸ್ಟಾಪಿನ ಹತ್ತಿರ,"
ಅವಳು ಸಮುದ್ರಕ್ಕೆ ಹೇಳುವಂತೆ ಹೇಳಿದಳು.
"ನಲವತ್ತನೆಯ ಹೆಜ್ಜೆ. ನಿಮ್ಮಷ್ಟೇ ವಯಸ್ಸು.
ಒಂದು ಶೂವಿನ ಲೇಸು ಬಿಚ್ಚಿತ್ತು.
ಅಷ್ಟು ಹತ್ತಿರದಿಂದ ನೋಡಿದೆ.
ಆಮೇಲಿನ ಒಂಬೈನೂರು ಹೆಜ್ಜೆ
ರೈಲು ಸುಮ್ಮನೆ ಹೋಯಿತು, ನಾನು ಒಳಗೆ ಕೂತಿದ್ದೆ."

ವಾಪಸು ಬರುವಾಗ ಯಾರೂ ಎಣಿಸಲಿಲ್ಲ.
ಬಸ್‌ಸ್ಟಾಪು ಬಂದಾಗ, ಯಾರೂ ಹೇಳಿಕೊಡದಿದ್ದರೂ,
ಇಪ್ಪತ್ತೆಂಟು ಮಕ್ಕಳು ರಸ್ತೆಯ ಆ ಬದಿಗೆ ದಾಟಿದೆವು.

ಶನಿವಾರ ಚೆಂಡು ಮತ್ತೆ ಬೇಲಿಯಾಚೆ ಹೋಯಿತು.
ರೋರಿ ಆಗಲೇ ತಂತಿಯ ಸೀಳಿಗೆ ಭುಜ ಕೊಟ್ಟಿದ್ದ,
ಸೇತುವೆ ಸುತ್ತಿ ಹೋದರೆ ಹನ್ನೊಂದು ನಿಮಿಷ,
ಹೋದರೂ ಅಲ್ಲಿಂದ ಕೈಗೆ ಸಿಗುವುದಲ್ಲ.
ಏನು ಹೇಳಬೇಕೋ ತೋಚಲಿಲ್ಲ ನನಗೆ.
"ಲೇಸು ಬಿಚ್ಚಿದೆ ನೋಡು" ಅಂದೆ.
ಅವನ ಶೂಗೆ ಲೇಸೇ ಇಲ್ಲ, ಅಂಟುವ ಪಟ್ಟಿ.
ಆದರೂ ಬಗ್ಗಿ ನೋಡಿದ.
ಬಗ್ಗಿದವನು ಅಲ್ಲೇ, ಹುಲ್ಲಿನ ಮೇಲೆ, ಕೂತುಬಿಟ್ಟ.

ಚೆಂಡು ಈಗಲೂ ಅಲ್ಲಿದೆ,
ಜಲ್ಲಿಕಲ್ಲ ಮೇಲೆ ಕೆಂಪು ಕಳೆದುಕೊಳ್ಳುತ್ತ.
ರಾಮ್ಸ್‌ಗೇಟಿನ ರೈಲು ಹೋದಾಗಲೆಲ್ಲ
ಚೂರು ಅಲುಗುತ್ತದೆ,
ಮತ್ತೆ ಸುಮ್ಮನಾಗುತ್ತದೆ.